ಜಾಸಿಬ್ ಕೊಟ್ಟ ಪರಾಗ

ಬಸ್ರಾ ಪಟ್ಟಣದ ಬಳಿಯ ಅಬುಲ್ ಖಸೀಬ್ ಊರಿನ ತೋಟಗಳಲ್ಲಿ ಹಾಜಿ ಜಾಸಿಬ್ ನಲವತ್ತು ವರ್ಷಗಳಿಂದ ಖರ್ಜೂರದ ಮರ ಹತ್ತುತ್ತಿದ್ದಾರೆ. ಗಂಡುಮರದ ಪರಾಗವನ್ನು ಹೆಣ್ಣುಮರದ ಹೊಂಬಾಳೆಗೆ ಉದುರಿಸುವುದು ಅವರ ಕೆಲಸ. ಅವರ ಕೈ ತಗುಲಿದ ಮರ ಬರಡಾಗಿದ್ದನ್ನು ಊರು ನೋಡಿಲ್ಲ.

ಬಸ್ರಾ ವಿಶ್ವವಿದ್ಯಾಲಯದ ಡಾಕ್ಟರ್ ನುಹಾದ್ ಎರಡು ಕಿಲೋ ಪರಾಗ ಕೇಳಿದಾಗ ಜಾಸಿಬ್ ಎಂದಿನಂತೆ ಡಬ್ಬಿ ತುಂಬಿಸಿ ಕೊಟ್ಟರು. ಕ್ಯಾನ್ಸರ್‌ನ ಒಂದು ಮದ್ದು ಗಂಡಸರ ವೀರ್ಯವನ್ನು ಕೆಡಿಸುತ್ತದೆ; ಪರಾಗದ ಸಾರ ಅದನ್ನು ತಡೆಯಬಲ್ಲದೇ ಎಂದು ಆಕೆ ಇಲಿಗಳ ಮೇಲೆ ನೋಡುತ್ತಿದ್ದರು. ಏಳು ತಿಂಗಳ ನಂತರ ಸುದ್ದಿ ತಿಳಿಸಲು ಆಕೆಯೇ ತೋಟಕ್ಕೆ ಬಂದರು. ಪರಾಗದಿಂದ ಏನೂ ಉಪಯೋಗವಾಗಿಲ್ಲ, ಹಾಗೆಂದೇ ಬರೆದು ಕೆಲಸ ಮುಗಿಸುತ್ತೇನೆ ಎಂದರು.

ಜಾಸಿಬ್ ಒಂದೇ ಪ್ರಶ್ನೆ ಕೇಳಿದರು: ಸಾರ ತೆಗೆಯಲು ಎಷ್ಟು ತೂಗಿದಿರಿ? ಡಬ್ಬಿಯಲ್ಲಿದ್ದುದನ್ನು ಹಾಗೆಯೇ ತೂಗಿದೆ ಎಂದರು ಡಾಕ್ಟರ್. ತಪ್ಪಿದ್ದು ಎಲ್ಲಿ ಎಂದು ಜಾಸಿಬ್‌ಗೆ ಆಗಲೇ ತಿಳಿಯಿತು. ಇಲ್ಲಿ ಪರಾಗ ಕೇಳಿದವರಿಗೆಲ್ಲ ಒಂದು ಪಾಲು ಪರಾಗಕ್ಕೆ ಒಂಬತ್ತು ಪಾಲು ಗೋಧಿಹಿಟ್ಟು ಬೆರೆಸಿಯೇ ಕೊಡುವುದು. ಮರಕ್ಕೆ ಅಷ್ಟು ಸಾಕು, ಉದುರಿಸುವುದೂ ಸುಲಭ. ಶುದ್ಧ ಪರಾಗವನ್ನು ಈವರೆಗೆ ಯಾರೂ ಕೇಳಿರಲಿಲ್ಲ.

ಸುಮ್ಮನಿದ್ದಿದ್ದರೆ ಯಾರಿಗೂ ಗೊತ್ತಾಗುತ್ತಿರಲಿಲ್ಲ. ಹೇಳಿದರೆ, ಜಾಸಿಬ್ ವಿಶ್ವವಿದ್ಯಾಲಯಕ್ಕೆ ಹಿಟ್ಟು ಮಾರಿದ ಎಂಬ ಮಾತು ಊರ ಪಕ್ಕದ ನದಿಯ ಎರಡೂ ದಡಗಳಲ್ಲಿ ಹರಡುವುದು ಖಚಿತ.

“ಡಾಕ್ಟ್ರಮ್ಮ, ಸೋತಿದ್ದು ಪರಾಗ ಅಲ್ಲ. ನಾನು ಕೊಟ್ಟಿದ್ದರಲ್ಲಿ ಹತ್ತಕ್ಕೆ ಒಂಬತ್ತು ಪಾಲು ಹಿಟ್ಟು. ಹಾಗೇ ಬರೀರಿ, ನನ್ನ ಹೆಸರೂ ಹಾಕಿ,” ಎಂದರು.

ಚಹಾ ತಂದ ಅವರ ಹೆಂಡತಿ ನಸೀಮಾ, “ಪಾಪ, ಆ ಇಲಿಗಳು ದಪ್ಪ ಆಗಿರ್ಬೇಕು,” ಎಂದಳು.

ಸೂಕ್ಷ್ಮದರ್ಶಕದಲ್ಲಿ ಹಿಟ್ಟು ಕಾಣಲಿಲ್ಲವೇ ಎಂದು, ಪಕ್ಕದ ತೋಟದಿಂದ ಬಂದು ಅಲ್ಲೇ ಕುಳಿತಿದ್ದ ನಾನು ಡಾಕ್ಟರನ್ನು ಕೇಳಿದೆ. ವೀರ್ಯವನ್ನು ನೋಡಿದ್ದೆ, ಪರಾಗವನ್ನು ನೋಡಿರಲಿಲ್ಲ ಎಂದು ಒಪ್ಪಿಕೊಂಡರು.

ಮಾತು ಹರಡಿತು. ಆ ವರ್ಷ ಮೂರು ತೋಟಗಳವರು ಬೇರೆಯವರನ್ನು ಕರೆದರು. ಜಾಸಿಬ್ ಯಾರಿಗೂ ಸಮಜಾಯಿಷಿ ಕೊಡಲಿಲ್ಲ. ಮುಂದಿನ ಫೆಬ್ರವರಿಯಲ್ಲಿ, ಕೈತುಂಬ ಕೆಲಸವಿರುವ ವಾರದಲ್ಲೇ, ಗನ್ನಾಮಿ ತಳಿಯ ತಮ್ಮ ಹಳೆಯ ಗಂಡುಮರ ಹತ್ತಿ ಇನ್ನೂ ಬಿರಿಯದ ಹನ್ನೆರಡು ಹೊಂಬಾಳೆ ಇಳಿಸಿದರು. ಅವನ್ನು ಪ್ರಯೋಗಶಾಲೆಗೆ ಹೊತ್ತೊಯ್ದು ಡಾಕ್ಟರ ಕಣ್ಣೆದುರೇ ಸೀಳಿ, ನೆರಳಲ್ಲಿ ಒಣಗಿಸಿ, ಜರಡಿ ಹಿಡಿದರು. ಅವರ ಸ್ವಂತ ಮರಗಳಿಗೆ ಆ ಸಲ ಪರಾಗ ತಡವಾಯಿತು, ಗೊನೆಗಳು ತೆಳುವಾದವು.

ಎರಡನೆಯ ಸಲದ ಪ್ರಯೋಗದಲ್ಲಿ, ಮದ್ದಿನ ಜೊತೆ ಸಾರ ಕುಡಿದ ಇಲಿಗಳ ವೀರ್ಯಾಣುಗಳ ಎಣಿಕೆ ಮದ್ದು ಮುಟ್ಟದ ಇಲಿಗಳ ಎಣಿಕೆಯ ಹತ್ತಿರಕ್ಕೆ ಬಂತು. ಬಿಟ್ಟುಹೋಗಿದ್ದ ತೋಟದವರೂ ಮರಳಿ ಬಂದರು. ಅವರಲ್ಲೊಬ್ಬ, ಕ್ಯಾನ್ಸರ್ ಚಿಕಿತ್ಸೆಯಲ್ಲಿರುವ ತಮ್ಮನಿಗೆಂದು ಒಂದು ಡಬ್ಬಿ ಶುದ್ಧ ಪರಾಗ ಕೇಳಿದ. ಎಷ್ಟಾದರೂ ಕೊಡುತ್ತೇನೆ ಎಂದ.

“ಗುಣ ಕಂಡಿದ್ದು ಇಲಿಗೆ,” ಎಂದರು ಜಾಸಿಬ್. “ನಿನ್ನ ತಮ್ಮ ಇಲಿ ಅಲ್ಲವಲ್ಲ. ಮದ್ದು ಕೊಡೋ ಡಾಕ್ಟರನ್ನ ಮೊದಲು ಕೇಳು. ನಿನ್ನ ಮರಕ್ಕಾದ್ರೆ ಹೇಳು, ಹಿಟ್ಟು ಬೆರೆಸಿದ್ದು ಕೊಡ್ತೀನಿ.”