ರೂತ್ ಅಜ್ಜಿ ಕೇಳದ ದನಿ

ಆ ಸಿನಿಮಾದ ಮಾತಿನ ಪ್ಲೇಟುಗಳು ನನಗೆ ಸಿಕ್ಕಿದ್ದವು, ಇಮ್ತಿಯಾಜ್. ಸಿಕ್ಕಿಲ್ಲ ಎಂದು ನಿನಗೆ ಹೇಳಿದ್ದು ಸುಳ್ಳು.

ಜನ ಖಾಲಿ ಮಾಡುವ ಮನೆಗಳ ಹಳೆಯ ಸಾಮಾನು ಕೊಂಡು ಮಾರುವವನು ನಾನು. ಅದಕ್ಕೇ ನೀನು ನನ್ನನ್ನು ಕೇಳಿದ್ದೆ. ಯೂನಿವರ್ಸಿಟಿ ಡಿಸ್ಟ್ರಿಕ್ಟಿನಲ್ಲಿ ನಿನ್ನ ಮನೆಯ ಓನರ್ ರೂತ್ ಅಜ್ಜಿ. ಅವರ ತಾಯಿ ಒಂದೇ ಒಂದು ಹಾಸ್ಯಚಿತ್ರದಲ್ಲಿ ಕೆಲಸದವಳಾಗಿ ನಟಿಸಿದ್ದರು — ಸಿನಿಮಾಕ್ಕೆ ಮಾತು ಬಂದ ಹೊಸತು, ಚಿತ್ರ ರೀಲಿನಲ್ಲಿ, ಮಾತು ಬೇರೆ ಗ್ರಾಮಫೋನ್ ಪ್ಲೇಟುಗಳಲ್ಲಿ. ಅಜ್ಜಿಯ ಹತ್ತಿರ ರೀಲು ಮಾತ್ರ ಇತ್ತು. ಕೂಸಾಗಿದ್ದಾಗಲೇ ತಾಯಿಯನ್ನು ಕಳೆದುಕೊಂಡವರು. ಆ ದನಿಯನ್ನು ಒಮ್ಮೆ ಕೇಳಬೇಕು, ಅಷ್ಟೇ ಅವರ ಆಸೆ.

ಇಲ್ಲೇ ಊರಾಚೆಯ ನ್ಯೂಕ್ಯಾಸಲ್‌ನ ಒಂದು ಗರಾಜಿನಲ್ಲಿ ಪ್ಲೇಟುಗಳು ಸಿಕ್ಕವು. ಮಾರುವ ಮುಂಚೆ ಹಾಕಿ ಕೇಳುವುದು ನನ್ನ ಪದ್ಧತಿ, ಕೇಳಿದೆ. ಬೇಕೆಂದು ಬಂದವನಿಗೆ ಮೊದಲು ಇಲ್ಲ ಎನ್ನಬೇಕು, ಕಾಯಿಸಬೇಕು, ರೇಟು ತಾನೇ ಏರುತ್ತದೆ — ಎಷ್ಟು ಜನಕ್ಕೆ ಈ ಬುದ್ಧಿ ಹೇಳಿದ್ದೇನೆ. ನಿನಗೂ ಹಾಗೇ ಮಾಡಿದೆ. ನೀನು ಸ್ನೇಹಿತ ಎಂಬುದು — ಮರೆತಿತ್ತು ಎನ್ನಲಾರೆ. ನೆನಪಿತ್ತು.

ನೀನು ಕಾಲ್ ಮಾಡಿದೆ. "ಇನ್ನೆಷ್ಟು ಕಾಯೋದು ಗುರು? ಅಜ್ಜಿಗೆ ಹುಷಾರಿಲ್ಲ. ಮೂಕಿ ಆದ್ರೂ ಪರ್ವಾಗಿಲ್ಲ, ಸಂಡೇ ತೋರಿಸ್ಬಿಡ್ತೀನಿ. ನೀನೂ ಬಾ. ಬಿರಿಯಾನಿ ಫ್ರೀ, ಅದಕ್ಕೂ ಚೌಕಾಸಿ ಮಾಡ್ಬೇಡ."

ಬಂದೆ. ನೀನು ರೀಲು ಹಾಕಿದೆ. ಗೋಡೆಯ ಮೇಲೆ ಆ ತಾಯಿ ಸೂಪಿನ ಪಾತ್ರೆ ಹಿಡಿದು ಬಂದರು. ಮೇಜಿನ ಸುತ್ತ ಜಗಳವಾಡುತ್ತಿದ್ದ ಗಂಡಸರನ್ನು ನೋಡಿ ಬಾಯಿ ತೆರೆದರು. ಅಜ್ಜಿ ಮುಂದಕ್ಕೆ ಬಾಗಿದರು. ಅಮ್ಮ ಏನು ಹೇಳುತ್ತಿದ್ದಾಳೆ ಎಂದು ನಿನ್ನನ್ನು ಕೇಳಿದರು. ಗೊತ್ತಿಲ್ಲವೆಂದು ನೀನು ತಲೆಯಾಡಿಸಿದೆ.

ನನಗೆ ಗೊತ್ತಿತ್ತು. ಸೂಪು ಆರುತ್ತಿದೆ, ಮೊದಲು ಉಣ್ಣಿ, ಆಮೇಲೆ ಹೊಡೆದಾಡಿ — ಸ್ವಲ್ಪ ಒಡಕು ದನಿ, ಕೊನೆಗೆ ನಗು ತಡೆದುಕೊಂಡಂತೆ. ಹೇಳಿದರೆ ನನ್ನ ಸುಳ್ಳು ಬಯಲಾಗುತ್ತಿತ್ತು. ಬಿರಿಯಾನಿ ಚೆನ್ನಾಗಿದೆ ಎಂದೆ.

ಸ್ವಲ್ಪ ದಿನಕ್ಕೇ ಮತ್ತೆ ನಿನ್ನ ಫೋನ್. "ಅಜ್ಜಿ ಹೋಗ್ಬಿಟ್ರು ಗುರು."

ನನ್ನ ಬಾಯಿಂದ ಬಂದದ್ದು — "ಆ ರೀಲು ಈಗ ಯಾರಿಗೆ?"

"ನಂಗೇ ಬಿಟ್ಟೋಗಿದಾರೆ," ಎಂದು ನೀನು ಫೋನ್ ಇಟ್ಟೆ.

ವರ್ಷಗಳಾದವು. ನನಗೆ ಅಳು ಬರಲಿಲ್ಲ, ಈಗಲೂ ಬರುತ್ತಿಲ್ಲ. ಪ್ಲೇಟುಗಳನ್ನು ಮಾರಿಲ್ಲ, ಅದನ್ನು ಒಳ್ಳೆಯತನ ಎಂದುಕೊಳ್ಳಬೇಡ, ಕೊಡುವ ಧೈರ್ಯವೂ ಇರಲಿಲ್ಲ. ಈ ಶನಿವಾರ ಇಸ್ಸಾಕ್ವಾದ ನನ್ನ ಮನೆಯಿಂದ ತರುತ್ತೇನೆ. ಬಾಗಿಲಲ್ಲಿಟ್ಟು ಹೋಗುವುದಿಲ್ಲ. ನೀನು ಚಿತ್ರ ಹಾಕು, ಮಾತು ಕೂಡಿಸು. ಆ ತಾಯಿ ಮಾತಾಡುವಾಗ ನಾನು ನಿನ್ನ ಎದುರಿಗೇ ಕೂತಿರುತ್ತೇನೆ.