ಕಬ್ಬು ಕಡಿದವಳ ಫೋಟೊ

ಮೊನ್ನೆ ಒಲೆಯ ಮೇಲಿಟ್ಟ ಸಕ್ಕರೆ ಪಾಕ ಸೀದುಹೋಯಿತು. ಆ ವಾಸನೆಗೆ ನಾನು ಹಿಂದೆ ಇದ್ದ ಹೇವರ್ಡ್‌ನ ಹಳೆಯ ಅಪಾರ್ಟ್‌ಮೆಂಟು, ಪಕ್ಕದ ಮನೆಯ ಟೀಚರ್ ಕಣ್ಣಮುಂದೆ ಬಂದರು. ಅವರು ಸಕ್ಕರೆಯನ್ನು ಬೇಕೆಂದೇ ಕಪ್ಪಾಗುವವರೆಗೆ ಸುಟ್ಟು ಅದರಲ್ಲಿ ಕೋಳಿ ಬೇಯಿಸುತ್ತಿದ್ದರು. ಅವರೂರು ಟ್ರಿನಿಡಾಡ್ ದ್ವೀಪ...

ಡಾಟ್‌ಕಾಮ್ ಕಂಪನಿಗಳು ಅಣಬೆಗಳಂತೆ ಏಳುತ್ತಿದ್ದ ಕಾಲ. ಮೌಂಟನ್ ವ್ಯೂನಲ್ಲಿ ನಾನಿದ್ದ ಕಂಪನಿ ಪ್ರವಾಸದ ವೆಬ್‌ಸೈಟು ನಡೆಸುತ್ತಿತ್ತು. ಟ್ರಿನಿಡಾಡಿನ ಪುಟಗಳನ್ನು ಬರೆಯಲು ಮ್ಯಾನೇಜರು ನನ್ನ ಮೂಲಕ ಟೀಚರನ್ನು ಒಪ್ಪಿಸಿದ. ಇತಿಹಾಸ ಕಲಿಸಿ ನಿವೃತ್ತರಾದವರು, ಆಸೆಯಿಂದ ಬರೆದರು. ಸಂಜೆ ಗೂಡಿಗೆ ಮರಳುವ ಕಡುಗೆಂಪು ಹಕ್ಕಿಗಳು, ಕಾಲಿಟ್ಟು ನಡೆಯಬಹುದಾದ ಡಾಂಬರಿನ ಕೆರೆ, ಎಲ್ಲವೂ ಇತ್ತು. ಗುಲಾಮರ ಬಿಡುಗಡೆಯಾದ ಮೇಲೆ ಕಬ್ಬಿನ ತೋಟಗಳಿಗೆ ಕಲ್ಕತ್ತದಿಂದ ಹಡಗಿನಲ್ಲಿ ಕೂಲಿಗಳನ್ನು ತಂದದ್ದೂ ಇತ್ತು. ಆ ಭಾಗಕ್ಕೆಂದು ತಮ್ಮ ಅಜ್ಜಿಯ ಫೋಟೊ ಕೊಟ್ಟರು. ತಲೆಗೆ ಬಟ್ಟೆ, ಕೈಯಲ್ಲಿ ಕಬ್ಬು ಕಡಿಯುವ ಕತ್ತಿ, ಬಿಸಿಲಿಗೆ ಕಿರಿದಾದ ಕಣ್ಣು. ಅಜ್ಜಿಯದೆಂದು ಇದ್ದದ್ದು ಅದೊಂದೇ ಫೋಟೊ.

ಮ್ಯಾನೇಜರು ಹಾಸನದ ಕಡೆಯವನು. ಇತಿಹಾಸವನ್ನೆಲ್ಲ ಕಿತ್ತುಹಾಕಿದ. ನಾನು ಜಗಳಕ್ಕೆ ನಿಂತರೆ, “ರಜಾಕ್ಕೆ ಹೋಗೋರಿಗೆ ಕೂಲಿಗಳ ಕಥೆ ಯಾಕ್ರೀ? ಬೀಚು ಹಾಕಿ, ಸಾಕು,” ಅಂದ. ಅಷ್ಟಕ್ಕೇ ಬಿಡಲಿಲ್ಲ. ಹಳೆಯ ಕಬ್ಬಿನ ತೋಟದಲ್ಲಿ ಎದ್ದಿದ್ದ ರೆಸಾರ್ಟೊಂದರ ಜಾಹೀರಾತಿಗೆ ಅದೇ ಫೋಟೊ ಬಳಸಿದ. ಕತ್ತಿ ಅಳಿಸಿ, ಅಜ್ಜಿಯ ಕೈಗೆ ಜ್ಯೂಸಿನ ಲೋಟ ಕೊಡಿಸಿದ್ದ.

ಜಾಹೀರಾತು ನೋಡಿ ಟೀಚರ್ ಆಫೀಸಿಗೇ ಬಂದರು. ದನಿ ಏರಿಸಲಿಲ್ಲ. ಅವರ ಇಂಗ್ಲಿಷಿನ ಮಾತು ಇಷ್ಟೇ: “ಅವಳು ನಗ್ತಾ ಇಲ್ಲ. ಬಿಸಿಲು ಕಣ್ಣಿಗೆ ಹೊಡೀತಾ ಇದೆ. ಫೋಟೊ ವಾಪಸ್ ಕೊಡು.”

ಅದು ಡಿಸೈನರ್ ಹತ್ತಿರ ಇದೆ, ಹುಡುಕಿಸಿ ಕಳಿಸುತ್ತೇನೆ ಎಂದ ಮ್ಯಾನೇಜರು. ಕಳಿಸಲಿಲ್ಲ. ನಾನು ದಿನವೂ ಕೇಳುತ್ತಲೇ ಇದ್ದೆ. ಅಷ್ಟರಲ್ಲಿ ಕಂಪನಿ ಮುಳುಗಿತು. ಬಾಗಿಲಿಗೆ ಬೀಗ ಬಿದ್ದ ಸುದ್ದಿ ಕೇಳಿ ಟೀಚರ್ ಜೊತೆ ಓಡಿದರೆ, ಕಟ್ಟಡದವರು ಒಳಗಿದ್ದ ಕಾಗದಪತ್ರವನ್ನೆಲ್ಲ ಕಸದ ಟ್ರಕ್ಕಿಗೆ ತುಂಬಿ ಆಗಲೇ ಕಳಿಸಿದ್ದರು. ಮನೆ ಮುಟ್ಟಿದ ಮೇಲೆ ಟೀಚರ್ ಒಂದೇ ಮಾತು ಹೇಳಿದರು. ಅಜ್ಜಿಯ ಹೆಸರನ್ನು ತೋಟದವರು ತಪ್ಪಾಗಿ ಬರೆದುಕೊಂಡಿದ್ದರಂತೆ, ಸರಿಯಾದ ಹೆಸರು ಮನೆಯಲ್ಲಿ ಯಾರಿಗೂ ಗೊತ್ತಿರಲಿಲ್ಲವಂತೆ. ಮುಖವಾದರೂ ಉಳಿದಿತ್ತು...

ಟೀಚರ್ ತೀರಿಹೋಗಿ ವರ್ಷಗಳಾದವು. ಮ್ಯಾನೇಜರು ಫಾಸ್ಟರ್ ಸಿಟಿಯಲ್ಲಿ ನೀರಿನ ದಡದ ಮನೆಯಲ್ಲಿದ್ದಾನೆ. ಈ ಸಲ ಇಲ್ಲಿನ ಕನ್ನಡಿಗರ ಯುಗಾದಿ ಊಟದಲ್ಲಿ ಎದುರಿಗೆ ಕೂತು, ಆ ದಿನಗಳು ಎಷ್ಟು ಚೆನ್ನಾಗಿದ್ದವು ಅಂದ. ಫೋಟೊ ಬಗ್ಗೆ ಕೇಳಿದೆ. “ಯಾವ ಫೋಟೊ?” ಅಂದ. ನಟನೆಯಲ್ಲ, ನಿಜವಾಗಿಯೂ ನೆನಪಿರಲಿಲ್ಲ. ಊಟ ಬಿಟ್ಟು ಎದ್ದೆ. ಕಾರಿನಲ್ಲಿ ಕೂತು ಆ ಮುಖವನ್ನು ನೆನಪಿಸಿಕೊಳ್ಳಲು ನೋಡಿದೆ. ಬಟ್ಟೆ ಬಂತು, ಬಿಸಿಲು ಬಂತು... ಮುಖ ಬರಲಿಲ್ಲ.