ಎಲ್ಲದರ ಕೆಳಗಿನ ಸಾಲು

ಹುಮನಾಬಾದಿನ ಬಸ್ ನಿಲ್ದಾಣದ ಎದುರು ಮೊಬೈಲ್ ರಿಪೇರಿಯವನು ನನ್ನ ಫೋನನ್ನು ಬಿಚ್ಚಿ ಹರವಿಕೊಂಡಿದ್ದ. ಬೆಸುಗೆ ಹಾಕುವ ಬಿಸಿ ಕಡ್ಡಿಯನ್ನು ಸಣ್ಣ ಡಬ್ಬಿಯೊಳಗಿನ ಹಳದಿ ರಾಳಕ್ಕೆ ತಾಗಿಸಿದ. ಸುಂಯ್ ಎಂದು ಬಿಳಿ ಹೊಗೆ ಎದ್ದಿತು. ಆ ವಾಸನೆ ಮೂಗಿಗೆ ಬಡಿದದ್ದೇ ತಡ, ನನ್ನ ಬಲಗೈ ತೊಡೆಯ ಮೇಲೆ ತಾನಾಗಿ ಅತ್ತಿಂದಿತ್ತ ಸರಿದಾಡತೊಡಗಿತು. ಪಿಟೀಲಿನ ಕಮಾನಿಗೆ ಹಚ್ಚುವುದೂ ಈ ರಾಳವನ್ನೇ. ತಗಡಿನ ಮಾಡಿನ ಕೆಳಗೆ, ಏಪ್ರಿಲ್ ತಿಂಗಳಲ್ಲಿ, ಕಾಕಾ ಅವರ ಎಸ್‌ಟಿಡಿ ಬೂತಿನಲ್ಲಿ ಅದು ಕರಗಿ ಡಬ್ಬಿಗೆ ಅಂಟಿಕೊಂಡು ಹೀಗೇ ನಾರುತ್ತಿತ್ತು...

ಈ ರಿಪೇರಿ ಅಂಗಡಿ ಇರುವ ಜಾಗದಲ್ಲೇ ಆ ಬೂತ್ ಇತ್ತು ಎಂದು ಬರೆಯಲು ಕೈ ತುಡಿಯುತ್ತದೆ. ಇರಲಿಲ್ಲ. ಅದು ಇದ್ದದ್ದು ಸ್ವಲ್ಪ ಆಚೆ. ಅಚ್ಚುಕಟ್ಟಾಗಿ ಕೂಡಿಕೊಳ್ಳುವ ನೆನಪುಗಳ ಮೇಲೆ ನನಗೆ ಮೊದಲಿಂದಲೂ ಅನುಮಾನ. ಹಾಗಾಗಿ ಗೊತ್ತಿದ್ದದ್ದನ್ನು ಗೊತ್ತಿದ್ದಷ್ಟೇ ಹೇಳುತ್ತೇನೆ.

ಕಾಕಾ ನನ್ನ ತಂದೆಯ ತಮ್ಮನಲ್ಲ. ನಮ್ಮ ಪಕ್ಕದ ಮನೆಗೆ ಬಾಡಿಗೆಗೆ ಬಂದವರು. ತೊಂಬತ್ತರ ದಶಕದ ನಡುವೆ, ನಾನು ಖಾಸಗಿ ಶಾಲೆಯೊಂದರಲ್ಲಿ ಹೊಸದಾಗಿ ಪಾಠ ಹೇಳಲು ಸೇರಿದ ವರ್ಷ, ಮುಂಬೈ ಬಸ್ಸಿನ ಮೇಲಿಂದ ಇಬ್ಬರು ಹಮಾಲರು ಅವರ ಕರಿ ಪೆಟ್ಟಿಗೆಯನ್ನು ಇಳಿಸಿ ಹೊತ್ತು ತಂದರು. ಓಣಿಯ ಹೆಂಗಸರು ಹೆಣವೇ ಬಂತೆಂದು ಸೆರಗನ್ನು ಬಾಯಿಗೆ ಹಿಡಿದರು. ಪೆಟ್ಟಿಗೆ ತೆರೆದರೆ ಒಳಗೆ ಹೆಚ್ಚುಕಡಿಮೆ ಮನುಷ್ಯನಷ್ಟೇ ಎತ್ತರದ ಒಂದು ಪಿಟೀಲು ಮಲಗಿತ್ತು.

"ಇದು ಪಿಟೀಲಿಗಿ ಏನಾಗಬೇಕ್ರಿ?" ನಮ್ಮವ್ವ ಕೇಳಿದಳು.

"ದೊಡ್ಡಪ್ಪ ಆಗಬೇಕ್ರಿ," ಎಂದರು ಕಾಕಾ.

ಅದು ಚೆಲ್ಲೋ. ಆ ಹೆಸರನ್ನು ನಾನು ಕೇಳಿದ್ದು ಅಂದೇ ಮೊದಲು. ಮಲಗಿಸಿ ನುಡಿಸುವುದಲ್ಲ, ಹೆಗಲಿಗೇರಿಸುವುದೂ ಅಲ್ಲ. ಕುರ್ಚಿಯ ಮೇಲೆ ಕೂತು, ಎರಡು ಮೊಣಕಾಲುಗಳ ನಡುವೆ ಅದನ್ನು ನಿಲ್ಲಿಸಿ, ತಳದ ಕಬ್ಬಿಣದ ಮೊಳೆಯನ್ನು ನೆಲಕ್ಕೆ ಊರಿ, ಅಪ್ಪಿಕೊಂಡು ನುಡಿಸಬೇಕು.

ಕಾಕಾ ಹರೆಯದಲ್ಲಿ ಬಟ್ಟೆ ಗಿರಣಿಯ ಕೆಲಸಕ್ಕೆಂದು ಮುಂಬೈಗೆ ಹೋದವರು. ಅವರ ಖೋಲಿಯ ಪಕ್ಕದಲ್ಲಿ ಗೋವಾದ ಮುದುಕರೊಬ್ಬರು ಇದ್ದರು. ಅವರು ಚರ್ಚಿನಲ್ಲಿ ವಾದ್ಯಮೇಳ ನಡೆಸುತ್ತಿದ್ದವರು. ಆ ಮೇಳದಲ್ಲಿ ಪಿಟೀಲಿನವರು ಬೇಕಾದಷ್ಟಿದ್ದರು, ಚೆಲ್ಲೋ ನುಡಿಸುವವರೇ ಇರಲಿಲ್ಲ. ಪಕ್ಕದ ಖೋಲಿಯವನ ಉದ್ದ ಬೆರಳು ಕಂಡು ಮುದುಕರು ಹಿಡಿದು ಕೂರಿಸಿದರು. ಗಿರಣಿ ಮುಚ್ಚಿದಾಗ ಅವರೇ ಸಿನಿಮಾ ಹಾಡುಗಳ ಸ್ಟುಡಿಯೋಕ್ಕೆ ಕರೆದೊಯ್ದರು. ಅಲ್ಲಿ ಮುಂದೆ ಪಿಟೀಲುಗಳ ಸಾಲುಗಳು, ಕೊನೆಯ ಸಾಲಿನಲ್ಲಿ ಕಾಕಾ. ವರ್ಷಗಟ್ಟಲೆ ಅಲ್ಲೇ ನುಡಿಸಿದರು. ಆಮೇಲೆ ಕೀಬೋರ್ಡು ಬಂತು.

"ಒಬ್ಬಾಂವ ಒಂದು ಬಟನ್ ಒತ್ತಿದ. ನಾವು ಅಷ್ಟೂ ಮಂದಿ ಮನೀಗಿ ಬಂದ್ವಿ," ಎಂದು ಅವರು, ಇಲ್ಲಿ ಬಂದು ಹೊಟ್ಟೆಪಾಡಿಗೆ ಹಾಕಿಕೊಂಡ ಎಸ್‌ಟಿಡಿ ಬೂತಿನಲ್ಲಿ ಕೂತು, ನಗುತ್ತಲೇ ಹೇಳುತ್ತಿದ್ದರು. ನಗು ಸುಳ್ಳಲ್ಲ. ಅವರಿಗೆ ನಿಜವಾಗಿ ಕೊರೆಯುತ್ತಿದ್ದದ್ದು ಬೇರೆಯೇ.

ಬಸವಕಲ್ಯಾಣದಲ್ಲಿ ಅವರ ಅಕ್ಕ ಇದ್ದಳು. ನಾವೆಲ್ಲ ಆಯಿ ಎನ್ನುತ್ತಿದ್ದೆವು. ತಾಯಿ ಸತ್ತ ಮೇಲೆ ತಮ್ಮನನ್ನು ತನ್ನ ಗಂಡನ ಮನೆಗೆ ಕರೆದೊಯ್ದು ಬೆಳೆಸಿದವಳು. ತಮ್ಮ ಮುಂಬೈಯಿಂದ ತಾನು ನುಡಿಸಿದ ಹಾಡಿನ ಹೆಸರು ತಿಳಿಸಿದಾಗಲೆಲ್ಲ ರೇಡಿಯೋಕ್ಕೆ ಕಿವಿ ಹಚ್ಚಿ ಕೂರುತ್ತಿದ್ದಳಂತೆ. ಊರಿಗೆ ಬಂದಾಗ ಅದೇ ಪ್ರಶ್ನೆ.

"ಇದರಾಗ ನಿಂದ್ಯಾವುದೋ?"

"ಎಲ್ಲಾದರ ಕೆಳಗ ಅದ ನೋಡಕ್ಕ."

"ಕೆಳಗ ಇದ್ದದ್ದು ನನಗ ಹ್ಯಾಂಗ ಕೇಳಬೇಕು? ನೀ ಖರೇನೇ ನುಡಸ್ತೀಯೋ, ಅಲ್ಲಿ ಮಂದಿಗಿ ಚಹಾ ಕೊಡ್ತೀಯೋ?"

ತಮಾಷೆಗೆ ಕೇಳಿದ್ದೇ ಇರಬೇಕು. ಆದರೆ ಕಾಕಾ ಅದನ್ನು ನನಗೆ ಎಷ್ಟು ಸಲ ಹೇಳಿದರೆಂದರೆ, ಅದು ತಮಾಷೆಯಾಗಿ ಉಳಿದಿರಲಿಲ್ಲ. ಒಂದೇ ಒಂದು ಸಲ ಅಕ್ಕನ ಎದುರು ಕೂತು ನುಡಿಸಬೇಕು, ಅವಳಿಗೆ ತನ್ನ ದನಿ ಗುರುತು ಸಿಗಬೇಕು. ಒಬ್ಬರೇ ಹೋಗಿ ನುಡಿಸಿ ಬನ್ನಿ ಎಂದರೆ ಒಪ್ಪುತ್ತಿರಲಿಲ್ಲ. "ನಾ ಒಬ್ಬಾಂವ ನುಡಿಸಿದ್ರ ಅದು ಹಾಡಲ್ಲವ್ವಾ, ಹಾಡಿನ ಬುನಾದಿ. ಬುನಾದಿ ತೋರಸಾಕ ಯಾರರೇ ಬೀಗರನ್ನ ಕರೀತಾರೇನು?"

ಹಾಗಾಗಿ ಮೇಳ ಕಟ್ಟಿದರು. ನಾಲ್ಕು ಜನರದು.

ಮೊದಲ ಪಿಟೀಲಿಗೆ ದುಬಲಗುಂಡಿಯಿಂದ ಕಂಪನಿ ಮಾಸ್ತರ್ ಬಂದರು. ಆಯುಷ್ಯವೆಲ್ಲ ನಾಟಕ ಕಂಪನಿಗಳ ಜೊತೆ ಊರೂರು ತಿರುಗಿದವರು. ಮೀಸೆಗೆ ಕಪ್ಪು ಹಚ್ಚುತ್ತಿದ್ದರು. ನಾಯಕಿ ಎಲ್ಲಿ ಉಸಿರು ಎಳೆಯುತ್ತಾಳೆ ಎಂದು ಬೆನ್ನು ತಿರುಗಿಸಿ ಕೂತೇ ಹೇಳಬಲ್ಲವರು. ಎರಡನೆಯದಕ್ಕೆ ನರ್ಸಮ್ಮ. ಸರ್ಕಾರಿ ಆಸ್ಪತ್ರೆಯಲ್ಲಿ ಕೆಲಸ, ಭಾನುವಾರ ಚರ್ಚಿನಲ್ಲಿ ಪಿಟೀಲು. ಅದನ್ನು ಅಪ್ಪನಿಂದ ಕಲಿತಿದ್ದರು. ಗೆರೆಗಳ ಮೇಲೆ ಬರೆದ ಇಂಗ್ಲಿಷ್ ಸ್ವರಲಿಪಿ ಕಣ್ಣಿಗೆ ಬಿದ್ದರೆ ಸಾಕು, ನುಡಿಸಿಬಿಡುತ್ತಿದ್ದರು. ಇಲ್ಲದಿದ್ದರೆ ಒಂದು ಸ್ವರವೂ ಹೊರಡದು. ಮೂರನೆಯವಳು ನಾನು. ಭಜನೆಯ ಮಾಸ್ತರರ ಹಾಡಿನ ಹಿಂದೆ ಪಿಟೀಲು ಹಿಡಿದು ಓಡಿ ಕಲಿತವಳು. ಅವರು ಹೋದಲ್ಲಿ ಹೋಗುವುದು, ನಿಂತಲ್ಲಿ ನಿಲ್ಲುವುದು.

ಭಾನುವಾರ ಮಧ್ಯಾಹ್ನ ನಮ್ಮ ಮನೆಯ ಪಡಸಾಲೆಯಲ್ಲಿ ತಾಲೀಮು. ಮೊದಲ ದಿನವೇ ಜಗಳ ಕೂರುವುದರ ಮೇಲೆ ಬಂತು. ಕಂಪನಿ ಮಾಸ್ತರ್ ಮತ್ತು ನಾನು ನೆಲದ ಮೇಲೆ ಚಕ್ಕಳಮಕ್ಕಳ ಹಾಕಿ, ಪಿಟೀಲಿನ ತಲೆಯನ್ನು ಪಾದಕ್ಕೆ ಆನಿಸಿ ನುಡಿಸುವವರು. ಕಾಕಾಗೆ ಕುರ್ಚಿ ಬೇಕು. ನರ್ಸಮ್ಮನಿಗೆ ನಿಂತೇ ಅಭ್ಯಾಸ. ಒಬ್ಬರ ಕಮಾನು ಒಬ್ಬರಿಗೆ ಕಾಣದು. ಕೊನೆಗೆ ನಮ್ಮ ಅಜ್ಜನ ಮಂಚವನ್ನು ಎಳೆದು ತಂದು ನೆಲದವರಿಬ್ಬರನ್ನು ಅದರ ಮೇಲೆ ಹತ್ತಿಸಿದರು. ನರ್ಸಮ್ಮನಿಗೆ ಸ್ಟೂಲು ಕೊಟ್ಟರು.

"ಮಂಚದ ಮ್ಯಾಲ ಕುಂತು ನುಡಿಸೋದಂದ್ರ ನಾ ಏನು ರೋಗಿ ಏನ್ರಿ?" ಕಂಪನಿ ಮಾಸ್ತರ್ ಗೊಣಗಿದರು.

"ರೋಗಿ ಆದ್ರ ಸುಮ್ಕ ಮಲಗಿರ್ತಿದ್ರಿ. ಅರಾಮ ಇದ್ದೀರಿ ಅಂತೇ ಇಷ್ಟು ಮಾತಾಡಾಕತ್ತೀರಿ," ನರ್ಸಮ್ಮ ಅಂದರು.

ನುಡಿಸಲು ಕಾಕಾ ಆರಿಸಿದ್ದು ಆಯಿಗೆ ಗೊತ್ತಿದ್ದ ಒಂದು ವಚನದ ಧಾಟಿ. ಅದನ್ನು ಅವರು ನಾಲ್ಕು ಸಾಲುಗಳಾಗಿ ಒಡೆದಿದ್ದರು. ಒಬ್ಬೊಬ್ಬರದು ಒಂದೊಂದು ದಾರಿ, ಎಲ್ಲ ಏಕಕಾಲಕ್ಕೆ. ನರ್ಸಮ್ಮನಿಗೆ ಗೆರೆಯ ಮೇಲೆ ಬರೆದುಕೊಟ್ಟರು, ನನಗೆ ಸರಿಗಮದಲ್ಲಿ. ಕಂಪನಿ ಮಾಸ್ತರರಿಗೆ ಹಾಡಿ ತೋರಿಸಿದರು. ಮಾಸ್ತರರ ಕಿವಿ ಎಷ್ಟು ಚುರುಕೆಂದರೆ ಎಲ್ಲರ ಸಾಲೂ ಅವರಿಗೆ ಬಾಯಿಪಾಠವಾಯಿತು. ಯಾರದು ಚೆನ್ನಾಗಿ ಕೇಳುತ್ತಿದೆಯೋ ಅವರ ಸಾಲಿಗೆ ಜಾರಿಬಿಡುತ್ತಿದ್ದರು.

"ಮಾಸ್ತರ್, ಅದು ಈಕೀದು. ನಿಮ್ಮದು ನೀವು ನುಡಸ್ರಿ," ಕಾಕಾ ಕಮಾನನ್ನು ನನ್ನತ್ತ ಚಾಚಿ ಹೇಳುವರು.

"ಈಕೀದು ಛಲೋ ಅದ್ರಿ. ಛಲೋ ಇದ್ದಲ್ಲಿ ಹೋಗಬಾರದೇನು?"

ಆದರೂ ಒಂದು ಭಾನುವಾರ... ಅದು ಯಾವ ತಿಂಗಳೋ ತಿಳಿಯದು, ಅಂಗಳದಲ್ಲಿ ಅವ್ವ ತೊಗರಿ ಹರವಿದ್ದಳು ಎನ್ನುವುದಷ್ಟೇ ಕಣ್ಣಿಗೆ ಕಟ್ಟಿದೆ... ನಾಲ್ಕೂ ಸಾಲು ಎಲ್ಲೂ ಮುಗ್ಗರಿಸದೆ ಕೊನೆ ಮುಟ್ಟಿದವು. ಹಾಡಿನ ಹಿಂದೆ ಓಡುವುದೊಂದೇ ಗೊತ್ತಿದ್ದ ನನಗೆ, ಯಾರ ಹಿಂದೆಯೂ ಓಡದೆ ಹಾಡಿನೊಳಗೆ ಇರಬಹುದು ಎಂದು ಆ ದಿನ ಗೊತ್ತಾಯಿತು. ಕಂಪನಿ ಮಾಸ್ತರ್ ಮೀಸೆ ಮುಟ್ಟಿಕೊಂಡರು. ಆಮೇಲೆ, "ಇನ್ನೊಮ್ಮೆ ಆಗಲಿ," ಎಂದರು.

ಆಯಿಯ ಮೊಮ್ಮಗಳ ಮದುವೆ ಬಸವಕಲ್ಯಾಣದಲ್ಲಿ ನಿಶ್ಚಯವಾದಾಗ ಕಾಕಾ ಅಲ್ಲೇ ನುಡಿಸುವುದೆಂದು ಗಟ್ಟಿ ಮಾಡಿದರು. ಹೊರಟದ್ದು ಬಸ್ಸಿನಲ್ಲಿ. ಚೆಲ್ಲೋವನ್ನು ಮೇಲೆ ಹಾಕಲು ಕಾಕಾ ಒಪ್ಪಲಿಲ್ಲ. ಒಳಗೆ ನಿಲ್ಲಿಸಿದರೆ ಕಂಡಕ್ಟರ್ ರೇಗಿದ. "ಏನ್ರಿ ಇದು, ಮಂದಿ ನಿಂದರಾಕ ಜಾಗಾ ಇಲ್ಲ!"

ನರ್ಸಮ್ಮ ಚೆಲ್ಲೋದ ಉಬ್ಬಿದ ಹೊಟ್ಟೆಯ ಮೇಲೆ ಕೈಯಿಟ್ಟು, ಆಸ್ಪತ್ರೆಯ ಗಡಸು ದನಿಯಲ್ಲಿ ಹೇಳಿದರು, "ದಿನ ತುಂಬ್ಯಾವ. ಯಾರರೇ ಜರಾ ಸೀಟು ಬಿಡ್ರಿ."

ಬಸ್ಸಿಗೆ ಬಸ್ಸೇ ನಕ್ಕಿತು. ಕಂಡಕ್ಟರ್ ತನ್ನ ಸೀಟನ್ನೇ ಬಿಟ್ಟುಕೊಟ್ಟ.

ಅಕ್ಷತೆ ಬಿತ್ತು, ಊಟವಾಯಿತು. ಮಂಟಪದ ಹಲಗೆಯ ವೇದಿಕೆಗೆ ನಮ್ಮನ್ನು ಹತ್ತಿಸಿದರು. ಇದ್ದದ್ದು ಒಂದೇ ಮೈಕು. ಮುಂದಿನ ಕುರ್ಚಿಯಲ್ಲಿ ಆಯಿ, ಬಾಯಲ್ಲಿ ಎಲೆಅಡಿಕೆ. ಶುರು ಮಾಡಿದೆವು. ಮಕ್ಕಳು ಓಡಾಡುತ್ತಿದ್ದರು, ಬೀಗರು ಮಾತಾಡುತ್ತಿದ್ದರು. ಆಯಿ ಒಮ್ಮೆ ಮಾಸ್ತರರನ್ನು, ಒಮ್ಮೆ ನನ್ನನ್ನು ನೋಡಿ, ಮತ್ತೆ ತಮ್ಮನನ್ನು ನೋಡಿ, ತಲೆ ಓರೆ ಮಾಡಿ ಕಣ್ಣು ಕಿರಿದು ಮಾಡಿದಳು. ಕಾಕಾ ಅವರ ಕೈ ಆಡುತ್ತಿರುವುದು ಅವಳಿಗೆ ಕಾಣುತ್ತಿತ್ತು. ಯಾವ ದನಿ ಅವರದು ಎಂದು ಮಾತ್ರ ಗುರುತು ಹತ್ತುತ್ತಿರಲಿಲ್ಲ. ಅದು ಕಾಕಾಗೂ ಗೊತ್ತಾಗಿರಬೇಕು. ಅವರು ಕಣ್ಣು ಮುಚ್ಚಿಬಿಟ್ಟರು.

ಅಷ್ಟರಲ್ಲಿ ಶಾಲು ಬಂತು.

ನಮ್ಮ ಕಡೆ ಹಾಡುವವರಿಗೆ, ನುಡಿಸುವವರಿಗೆ ಮುಗಿಯುವವರೆಗೆ ಕಾದು ಶಾಲು ಹಾಕುವ ರೂಢಿ ಇಲ್ಲ. ಮನಸ್ಸಿಗೆ ಬಂದ ಗಳಿಗೆಯಲ್ಲಿ ಹಿರಿಯರು ವೇದಿಕೆ ಹತ್ತುತ್ತಾರೆ, ಮೈಕಿನವನು ಅವರ ಹೆಸರು ಕೂಗುತ್ತಾನೆ, ಕಲಾವಿದರು ವಾದ್ಯ ಕೆಳಗಿಟ್ಟು ಎದ್ದು ಕೈಮುಗಿಯಬೇಕು. ಏಳದಿದ್ದರೆ ಅವಮಾನ. ವರನ ಕಡೆಯ ಗೌಡರು ಶಾಲು ಬಿಚ್ಚಿ ಹಿಡಿದು ಬರುತ್ತಲೇ, ಕಂಪನಿ ಮಾಸ್ತರ್ ಜೀವಮಾನದ ಅಭ್ಯಾಸದಂತೆ ಸಾಲಿನ ನಡುವೆಯೇ ಕಮಾನು ಇಳಿಸಿ ಎದ್ದು ನಿಂತರು. ಮುಂದಿನವರು ಎದ್ದದ್ದು ನೋಡಿ ನರ್ಸಮ್ಮ ಎದ್ದರು. ನಾನೂ ಎದ್ದೆ.

ಕಾಕಾ ಏಳಲಿಲ್ಲ. ಮೊಣಕಾಲ ನಡುವೆ ಚೆಲ್ಲೋ, ಹಲಗೆಗೆ ಊರಿದ ಮೊಳೆ, ಮುಚ್ಚಿದ ಕಣ್ಣು. ನುಡಿಸುತ್ತಲೇ ಇದ್ದರು. ಗೌಡರ ಹೆಸರು ಹೇಳಲೆಂದು ಮೈಕು ಕಿತ್ತುಕೊಂಡ ಹುಡುಗ ಕಾಕಾ ಪಕ್ಕದಲ್ಲೇ ಬಾಯಿ ತೆರೆದು ನಿಂತಿದ್ದ. ಮೈಕಿನೊಳಗೆ ಅವನ ಮಾತಿನ ಬದಲು ಆ ದನಿ ಹೋಯಿತು. ದಪ್ಪಗೆ, ನಿಧಾನಕ್ಕೆ, ಮೆಟ್ಟಿಲು ಇಳಿಯುವವರ ಹಾಗೆ. ಮಂಟಪದ ಕಬ್ಬಿಣದ ಕುರ್ಚಿಗಳು ಗುಂಯ್‌ಗುಟ್ಟಿದವು.

ಆಯಿ ಎದ್ದು ನಿಂತಳು. "ಏ ಗೌಡ್ರ! ಅಲ್ಲೇ ನಿಂದರ್ರಿ! ಶಾಲು ಆಮ್ಯಾಲ ಹಾಕೀರಂತ. ನಮ್ಮ ತಮ್ಮಂದು ಈಗ ಕೇಳಾಕತ್ತದ!"

ಗೌಡರು ಬಿಚ್ಚಿದ ಶಾಲು ಹಿಡಿದುಕೊಂಡೇ ನಿಂತರು. ಮಂಟಪ ಸುಮ್ಮನಾಯಿತು. ಅವರ ಸಾಲಿನಲ್ಲಿ ನಡುವೆ ಒಂದಷ್ಟು ಹೊತ್ತು ಬಿಡುವು ಇತ್ತು, ನಾವು ಮೂವರು ನುಡಿಸುವಾಗ ಅವರು ಸುಮ್ಮನಿರಬೇಕಾದ ಜಾಗ. ಕಾಕಾ ಅದನ್ನೂ ಬಿಡಲಿಲ್ಲ. ಕಮಾನು ಎತ್ತಿ, ತುಟಿಯಲ್ಲೇ ಎಣಿಸುತ್ತಾ ಕೂತರು.

"ಮುಗೀತೇನೋ?" ಆಯಿ ಕೇಳಿದಳು.

"ಇನ್ನೂ ಅದ ಅಕ್ಕಾ," ಎಂದರು, ಕಣ್ಣು ತೆರೆಯದೆ.

ಪೂರ್ತಿ ನುಡಿಸಿ ಮುಗಿಸಿದರು. ಆಯಿ ವೇದಿಕೆಯ ಅಂಚಿಗೆ ಬಂದು, ಎಲೆಅಡಿಕೆಯನ್ನು ಒಂದು ಕೆನ್ನೆಗೆ ಸರಿಸಿ, ಎಲ್ಲರಿಗೂ ಕೇಳುವಂತೆ ತೀರ್ಪು ಕೊಟ್ಟಳು. "ಎಮ್ಮಿ ಕರುವಿಗಿ ಕರದಂಗ ಅದಲ್ಲೋ! ಇಷ್ಟು ದಪ್ಪ ದನಿ ಇಟ್ಟುಕೊಂಡು ಮಂದಿ ಹಿಂದ ಯಾಕ ಅಡಗಿದ್ದಿ?"

ಕಾಕಾ ನಕ್ಕ ನಗುವನ್ನು ವರ್ಣಿಸಲು ಹೋಗುವುದಿಲ್ಲ. ಗೌಡರು ಕಡೆಗೂ ಶಾಲು ಹಾಕಿದ್ದು ಚೆಲ್ಲೋವನ್ನೂ ಸೇರಿಸಿಕೊಂಡೇ ಎನ್ನುವುದು ಸಾಕು.

ತಿರುಗಿ ಬರುವಾಗ ಬಸ್ಸಿನಲ್ಲಿ ಕಂಪನಿ ಮಾಸ್ತರ್ ಬಿಡಲಿಲ್ಲ. "ನಾ ಬೇಕಂತೇ ನಿಂತೆ. ನಾ ನಿಂದರಲಿಲ್ಲಂದ್ರ ಅಕ್ಕಗ ಏನು ಕೇಳ್ತಿತ್ತು?"

"ಸುಳ್ಳು ಹೇಳಬ್ಯಾಡ್ರಿ. ಶಾಲು ಕಂಡು ನಿಂತೀರಿ," ಎಂದರು ನರ್ಸಮ್ಮ. ಯಾರದು ಖರೆ ಎಂದು ನನಗೆ ಇಂದಿಗೂ ಗೊತ್ತಿಲ್ಲ. ಕಾಕಾ ಬೇಕೆಂದೇ ನಿಲ್ಲಿಸಲಿಲ್ಲವೋ, ಕಣ್ಣು ಮುಚ್ಚಿದ್ದರಿಂದ ಗೊತ್ತೇ ಆಗಲಿಲ್ಲವೋ... ಕೇಳಿದಾಗಲೆಲ್ಲ ಅವರು ಬೇರೆ ಬೇರೆ ಉತ್ತರ ಕೊಟ್ಟರು, ಎಲ್ಲವನ್ನೂ ಅಷ್ಟೇ ಸಂತೋಷದಿಂದ.

ಮೇಳ ಇನ್ನೂ ಕೆಲವು ವರ್ಷ ನಡೆಯಿತು. ಕ್ರಿಸ್‌ಮಸ್ಸಿಗೆ ಚರ್ಚಿನಲ್ಲಿ, ಮದುವೆಗಳಲ್ಲಿ. ನರ್ಸಮ್ಮನಿಗೆ ವರ್ಗವಾಯಿತು, ಮಾಸ್ತರರ ಬೆರಳು ಸೆಟೆದವು. ಹೊಸ ಶತಮಾನದ ಆರಂಭದ ವರ್ಷಗಳಲ್ಲೇ ಕಾಕಾ ತೀರಿಕೊಂಡರು. ಮರುವರ್ಷ ಆಯಿ. ಚೆಲ್ಲೋ ಹೈದರಾಬಾದಿಗೆ ಹೋಯಿತೆಂದು ಕೇಳಿದೆ. ಯಾರ ಮೊಣಕಾಲ ನಡುವೆ ಇದೆಯೋ.

ರಿಪೇರಿಯಾದ ಫೋನಿನಿಂದ ಅಂದಿನ ಮದುಮಗಳಿಗೆ, ಆಯಿಯ ಮೊಮ್ಮಗಳಿಗೆ, ಕರೆ ಮಾಡಿದೆ. ಮದುವೆಯ ವಿಡಿಯೋ ಕ್ಯಾಸೆಟ್ಟಿನಿಂದ ಆ ತುಣುಕನ್ನು ಕಳಿಸಿಕೊಟ್ಟಳು. ಶಾಲು ಬಿಚ್ಚಿ ನಿಂತ ಗೌಡರು ಇದ್ದಾರೆ. ಕೈಮುಗಿದ ಮಾಸ್ತರ್, ನರ್ಸಮ್ಮ ಇದ್ದಾರೆ. ನಾನು ಎದ್ದೇ ಇಲ್ಲ. ಪಿಟೀಲು ಮಡಿಲಲ್ಲಿಟ್ಟುಕೊಂಡು, ಕಾಕಾ ಅವರ ಕಡೆ ತಿರುಗಿ ಕೂತಿದ್ದೇನೆ. ಇಷ್ಟು ವರ್ಷ ನನ್ನ ನೆನಪಿನಲ್ಲಿ ನಿಂತೇ ಇದ್ದೆನಲ್ಲ... ಹೋಗಲಿ.

ದನಿ ಮಾತ್ರ ಇಲ್ಲ. ವಿಡಿಯೋದವನು ಆ ಕಾಲದ ಎಲ್ಲ ಮದುವೆಗಳಿಗೂ ಮಾಡಿದ ಹಾಗೆ, ಉದ್ದಕ್ಕೂ ಒಂದು ಸಿನಿಮಾ ಹಾಡು ಸುರಿದಿದ್ದಾನೆ. ಹಳೆಯ ಹಾಡು, ಕಾಕಾ ಮುಂಬೈಯಲ್ಲಿದ್ದ ದಿನಗಳದ್ದು. ಹಿಂದೆ ಪಿಟೀಲುಗಳ ದೊಡ್ಡ ದಂಡೇ ಇದೆ. ಅದರಲ್ಲಿ ಅವರು ಇದ್ದರೂ ಇರಬಹುದು. ಎಲ್ಲದರ ಕೆಳಗೆ ಕಿವಿಯಿಟ್ಟು ಮತ್ತೆ ಮತ್ತೆ ಹುಡುಕಿದೆ. ಸಿಗಲಿಲ್ಲ.

ಈಗ ವಿಡಿಯೋದ ದನಿಯನ್ನು ಪೂರ್ತಿ ಅಡಗಿಸಿ ನೋಡುತ್ತೇನೆ. ಅವರ ಕಮಾನು ಹೊರಟಾಗ ನಾನೂ ಹೊರಡುತ್ತೇನೆ, ಆ ಸಾಲನ್ನು ಗುನುಗುತ್ತಾ. ಅದು ಪೂರ್ತಿ ನೆನಪಿದೆ. ಆದರೆ ಅಷ್ಟು ಕೆಳಕ್ಕೆ ನನ್ನ ದನಿ ಇಳಿಯುವುದಿಲ್ಲ.